‘ಎಲ್ಲಿಗೆ ಬಂದು ನಿಂತಿತು?’: ಪರೀಕ್ಷೆಗೆ ಮುಂಚೆ ಆರು ವಾರ ಭೌತಶಾಸ್ತ್ರದ ಲೆಕ್ಕಗಳೊಂದಿಗೆ

ಪರೀಕ್ಷೆ ಈಗಷ್ಟೇ ಮುಗಿದಿದೆ. ಶಾಲೆಯ ಕೊನೆಯ ವರ್ಷದ ಭೌತಶಾಸ್ತ್ರದ ಕಠಿಣ ಲೆಕ್ಕಗಳನ್ನು ಆರು ವಾರ ಒಬ್ಬರಿಗೊಬ್ಬರು ಬಿಡಿಸಿ ತೋರಿಸಿದ ನಮ್ಮ ಗುಂಪಿನ ಹತ್ತಿರ ಉಳಿದಿರುವುದು ತುಂಬಿದ ಒಂದು ನೋಟ್‌ಬುಕ್ಕು. ಅದರಲ್ಲಿ ಸರಿಯುತ್ತರಗಳಿಗಿಂತ ತಪ್ಪುಗಳೇ ಹೆಚ್ಚು. ಯಾವ ತಪ್ಪು ಯಾವ ಸಾಲಿನಲ್ಲಿ ಹುಟ್ಟಿತು ಎಂಬ ಟಿಪ್ಪಣಿಯೂ ಪಕ್ಕದಲ್ಲೇ ಇದೆ. ಇದೇ ದಾರಿ ಹಿಡಿಯುವವರು ಮೊದಲ ಎರಡು ವಾರಗಳನ್ನು ನಮ್ಮ ಹಾಗೆ ಕಳೆದುಕೊಳ್ಳಬಾರದೆಂದು ಇದನ್ನು ಬರೆದಿಡುತ್ತಿದ್ದೇವೆ.

ಮೊದಲ ವಾರ ಬಂದ ಪ್ರಶ್ನೆಗಳೆಲ್ಲ ಒಂದೇ ತರ. ಪುಟದ ಒಂದು ಫೋಟೊ, ಕೆಳಗೆ ‘ಇದು ಬರ್ತಿಲ್ಲ, ಯಾರಾದ್ರೂ ಮಾಡಿಕೊಡಿ’ ಎಂಬ ಸಾಲು. ರಾತ್ರಿ ಕಳಿಸಿದರೆ ಉತ್ತರಕ್ಕೆ ಬೆಳಿಗ್ಗೆಯವರೆಗೆ ಕಾಯಬೇಕು. ಉತ್ತರ ಬಂದಾಗ ಪೂರ್ತಿ ಲೆಕ್ಕವೇ ಬರುತ್ತಿತ್ತು, ಕೇಳಿದವರು ಅದನ್ನು ನಕಲು ಮಾಡಿಕೊಂಡು ಸಮಾಧಾನಪಡುತ್ತಿದ್ದರು. ಎರಡು ದಿನ ಬಿಟ್ಟು ಅದೇ ಲೆಕ್ಕ ಅಂಕಿ ಬದಲಿಸಿಕೊಂಡು ಮತ್ತೆ ಬರುತ್ತಿತ್ತು, ಅದೇ ಕೈಯಿಂದ. ಫೋಟೊದಲ್ಲಿ ಪ್ರಶ್ನೆ ಅರ್ಧವೇ ಬಂದಿದ್ದರೆ ಇನ್ನೂ ಕಷ್ಟ. ಒಂದು ಘರ್ಷಣೆಯ ಲೆಕ್ಕಕ್ಕೆ ಮೂವರು ಮೂರು ಉತ್ತರ ಕೊಟ್ಟು ಸಂಜೆಯೆಲ್ಲ ಹೋಯಿತು. ಕೊನೆಗೆ ನೋಡಿದರೆ ‘ನೆಲ ನುಣುಪಾಗಿದೆ’ ಎಂಬ ಮಾತು ಹಿಂದಿನ ಪುಟದ ಕೊನೆಯ ಸಾಲಿನಲ್ಲಿತ್ತು.

ಎರಡನೇ ವಾರದ ಕೊನೆಗೆ ಕ್ರಮ ಬದಲಿಸಿದೆವು. ಪ್ರಶ್ನೆ ಕೇಳುವ ಮೊದಲು ಇಪ್ಪತ್ತು ನಿಮಿಷ ಒಬ್ಬರೇ ಕೂತು ಪ್ರಯತ್ನಿಸಬೇಕು. ಕೇಳುವಾಗ ಪ್ರಶ್ನೆಯ ಪೂರ್ತಿ ಪಠ್ಯ, ಕೈಯಾರೆ ಬರೆದ ಚಿತ್ರ ಮತ್ತು ತಾನು ಮಾಡಿದ ಸಾಲುಗಳು ಇರಲೇಬೇಕು, ತಪ್ಪಾಗಿದ್ದರೂ ಸರಿ. ಉತ್ತರಿಸುವವರ ಮೊದಲ ಮಾತು ‘ಎಲ್ಲಿಗೆ ಬಂದು ನಿಂತಿತು?’ ಎಂದಿರಬೇಕು. ಇದರಿಂದ ಪ್ರಶ್ನೆಗಳ ಸಂಖ್ಯೆ ತಾನಾಗಿ ಇಳಿಯಿತು. ಚಿತ್ರ ಬರೆಯಲು ಕೂತವರಿಗೆ ಎಷ್ಟೋ ಸಲ ಬರೆಯುತ್ತಲೇ ದಾರಿ ಕಂಡುಬಿಡುತ್ತಿತ್ತು. ಉಳಿದ ಪ್ರಶ್ನೆಗಳಲ್ಲಿ, ಕೇಳಿದವರು ನಿಂತ ಸಾಲಿಗಿಂತ ಎರಡು ಮೂರು ಸಾಲು ಮೇಲೇ ತಪ್ಪು ಇರುತ್ತಿತ್ತು. ಕೆಳಗೆ ವಿವರಿಸಿದ ಕೆಲವು ಲೆಕ್ಕಗಳ ಕತೆಯೂ ಅದೇ.

ಅತಿ ಹೆಚ್ಚು ಹೊತ್ತು ತಿಂದದ್ದು ಒಂದರ ಮೇಲೊಂದು ಇಟ್ಟ ದಿಮ್ಮಿಗಳ ಲೆಕ್ಕ. ನುಣುಪಾದ ನೆಲದ ಮೇಲೆ 4 ಕಿಗ್ರಾಂ ದಿಮ್ಮಿ, ಅದರ ಮೇಲೆ 2 ಕಿಗ್ರಾಂ ದಿಮ್ಮಿ, ಎರಡರ ನಡುವೆ ಘರ್ಷಣಾ ಗುಣಾಂಕ 0.4. ಕೆಳಗಿನ ದಿಮ್ಮಿಯನ್ನು 18 ನ್ಯೂಟನ್ ಬಲದಿಂದ ಎಳೆದರೆ ಎರಡರ ವೇಗೋತ್ಕರ್ಷ ಎಷ್ಟು? ಗುರುತ್ವ ವೇಗೋತ್ಕರ್ಷ 10 ಮೀ/ಸೆ² ಎಂದಿಟ್ಟುಕೊಳ್ಳಿ. ಬಂದ ಉತ್ತರಗಳಲ್ಲಿ ಬಹಳಷ್ಟು ಹೀಗಿದ್ದವು: ಘರ್ಷಣೆ 0.4 × 2 × 10 = 8 ನ್ಯೂಟನ್; ಮೇಲಿನ ದಿಮ್ಮಿಗೆ 8 ÷ 2 = 4 ಮೀ/ಸೆ²; ಕೆಳಗಿನದಕ್ಕೆ (18 − 8) ÷ 4 = 2.5 ಮೀ/ಸೆ².

ಗುಣಿಸಿದ್ದು, ಭಾಗಿಸಿದ್ದು ಎಲ್ಲ ಸರಿಯೇ. ಉತ್ತರವನ್ನು ಚಿತ್ರದ ಮೇಲೆ ಇಟ್ಟು ನೋಡಿದರೆ ಮಾತ್ರ ಎಡವಟ್ಟು ಕಾಣುತ್ತದೆ. ಮೇಲಿನ ದಿಮ್ಮಿಯನ್ನು ಮುಂದಕ್ಕೆ ಒಯ್ಯುತ್ತಿರುವುದು ಕೆಳಗಿನ ದಿಮ್ಮಿ ಕೊಡುವ ಘರ್ಷಣೆ ಒಂದೇ. ಹಾಗಿದ್ದ ಮೇಲೆ ಮೇಲಿನದು ಕೆಳಗಿನದನ್ನೇ ಹಿಂದೆ ಹಾಕಿ ಓಡುವುದು ಹೇಗೆ? 8 ನ್ಯೂಟನ್ ಎನ್ನುವುದು ಘರ್ಷಣೆಯ ಗರಿಷ್ಠ ಮಿತಿ, ಈಗ ಇರುವ ಘರ್ಷಣೆಯಲ್ಲ. ಸ್ಥಾಯಿ ಘರ್ಷಣೆ, ಅಂದರೆ ಮೇಲ್ಮೈಗಳು ಒಂದರ ಮೇಲೊಂದು ಜಾರದಿರುವಾಗಿನ ಘರ್ಷಣೆ, ಬೇಕಾದಷ್ಟೇ ಇರುತ್ತದೆ, ಮಿತಿ ಮುಟ್ಟುವವರೆಗೆ. ಆದ್ದರಿಂದ ಮೊದಲು ಎರಡೂ ಒಟ್ಟಿಗೆ ಚಲಿಸುತ್ತವೆ ಎಂದು ಊಹಿಸಬೇಕು: 18 ÷ 6 = 3 ಮೀ/ಸೆ². ಮೇಲಿನದಕ್ಕೆ ಇಷ್ಟು ವೇಗೋತ್ಕರ್ಷ ಕೊಡಲು ಬೇಕಾದ ಘರ್ಷಣೆ 2 × 3 = 6 ನ್ಯೂಟನ್. ಮಿತಿ 8. ಊಹೆ ನಿಂತಿತು, ಲೆಕ್ಕ ಮುಗಿಯಿತು.

ಅದೇ 18 ನ್ಯೂಟನ್ನನ್ನು ಮೇಲಿನ ದಿಮ್ಮಿಗೆ ಹಾಕಿದರೆ ಏನಾಗುತ್ತದೆ ಎಂಬ ಮುಂದಿನ ಪ್ರಶ್ನೆಯನ್ನು ಕೇಳಿದವರಿಗೇ ಬಿಡುತ್ತಿದ್ದೆವು. ಈಗ ಕೆಳಗಿನದನ್ನು ಎಳೆಯುವುದು ಘರ್ಷಣೆ, ಅದರ ಗರಿಷ್ಠ ವೇಗೋತ್ಕರ್ಷ 8 ÷ 4 = 2 ಮೀ/ಸೆ². ಎರಡೂ ಒಟ್ಟಿಗೆ ಇರಬೇಕಾದರೆ ಬಲ 6 × 2 = 12 ನ್ಯೂಟನ್ ಮೀರುವಂತಿಲ್ಲ. 18 ಮೀರಿದೆ, ಆದ್ದರಿಂದ ಜಾರುತ್ತದೆ: ಮೇಲಿನದಕ್ಕೆ (18 − 8) ÷ 2 = 5, ಕೆಳಗಿನದಕ್ಕೆ 2 ಮೀ/ಸೆ². ಕೆಳಗಿನದನ್ನು ಎಳೆಯುವಾಗ ಇದೇ ಮಿತಿ 6 × 4 = 24 ನ್ಯೂಟನ್. ಬಲ ಯಾವ ದಿಮ್ಮಿಯ ಮೇಲೆ ಎಂಬ ಒಂದೇ ಮಾತಿಗೆ ಮಿತಿ ಇಮ್ಮಡಿಯಾಯಿತು. ಈ ಎರಡು ಲೆಕ್ಕ ಸ್ವಂತವಾಗಿ ಮಾಡಿದವರು ಆಮೇಲೆ ಈ ಬಗೆಯ ಪ್ರಶ್ನೆ ಕೇಳಲು ಬರಲಿಲ್ಲ.

ಇದೇ ತಪ್ಪು ಉರುಳುವ ಗೋಳದ ಲೆಕ್ಕದಲ್ಲಿ ಬೇರೆ ವೇಷದಲ್ಲಿ ಬರುತ್ತದೆ. ಇಳಿಜಾರಿನಲ್ಲಿ ಜಾರದೆ ಉರುಳುವ ಘನಗೋಳದ ಘರ್ಷಣೆಗೂ ಗುಣಾಂಕ ಮತ್ತು ಲಂಬ ಬಲದ ಗುಣಲಬ್ಧವನ್ನೇ ಹಾಕಿಬಿಡುತ್ತಾರೆ. ಅಲ್ಲೂ ಅದು ಸ್ಥಾಯಿ ಘರ್ಷಣೆ. ಇಳಿಜಾರಿನ ಉದ್ದಕ್ಕೂ ಎಳೆಯುವ ಗುರುತ್ವದ ಭಾಗದಲ್ಲಿ ಏಳರಲ್ಲಿ ಎರಡು ಪಾಲು ಘರ್ಷಣೆಗೆ ಸಮ, ಉಳಿದ ಐದು ಪಾಲು ವೇಗೋತ್ಕರ್ಷಕ್ಕೆ. 30 ಡಿಗ್ರಿ ಇಳಿಜಾರಿನಲ್ಲಿ ವೇಗೋತ್ಕರ್ಷ ಸುಮಾರು 3.57 ಮೀ/ಸೆ², ಜಾರದಿರಲು ಬೇಕಾದ ಕನಿಷ್ಠ ಗುಣಾಂಕ ಸುಮಾರು 0.165. ಗುಣಾಂಕ 0.5 ಎಂದು ಪ್ರಶ್ನೆಯಲ್ಲಿ ಕೊಟ್ಟಿದ್ದರೆ ಅದು ‘ಜಾರುವುದಿಲ್ಲ’ ಎಂದು ಖಚಿತಪಡಿಸಿಕೊಳ್ಳಲು ಮಾತ್ರ, ಸಮೀಕರಣದಲ್ಲಿ ಹಾಕುವುದಕ್ಕಲ್ಲ.

ಮೂರನೇ ವಾರ ವಿದ್ಯುತ್ತಿಗೆ ಬಂದೆವು. ಇಲ್ಲಿ ಗಾಬರಿ ಹುಟ್ಟಿಸಿದ್ದು ಋಣ ಚಿಹ್ನೆ. ಒಂದು ಲೆಕ್ಕ: 10 ವೋಲ್ಟಿನ ಕೋಶ ಮತ್ತು 4 ವೋಲ್ಟಿನ ಕೋಶ, ಎರಡಕ್ಕೂ ಒಳರೋಧ 2 ಓಮ್, ಧನಾಗ್ರಗಳು ಒಂದೇ ಕಡೆ ಬರುವಂತೆ ಸಮಾಂತರವಾಗಿ ಜೋಡಿಸಿ 4 ಓಮ್ ರೋಧಕ್ಕೆ ಕೊಟ್ಟಿದೆ. ಪ್ರತಿ ಕೋಶದ ಪ್ರವಾಹ ಎಷ್ಟು? ಕೇಳಿದವರ ಹಾಳೆಯಲ್ಲಿ ಎರಡನೇ ಕೋಶದ ಪ್ರವಾಹ −0.8 ಆಂಪಿಯರ್ ಎಂದು ಬಂದಿತ್ತು. ಅದನ್ನು ಹೊಡೆದು ಹಾಕಿ, ಪ್ರವಾಹದ ದಿಕ್ಕಿಗೆ ಹಾಕಿದ್ದ ಬಾಣವನ್ನು ಮಧ್ಯದಲ್ಲೇ ತಿರುಗಿಸಿ, ಒಂದು ಸಮೀಕರಣದಲ್ಲಿ ಮಾತ್ರ ಚಿಹ್ನೆ ಬದಲಿಸಿ ಮುಂದುವರಿದಿದ್ದರು. ಅಲ್ಲಿಂದ ಕೆಳಗೆ ಇದ್ದದ್ದೆಲ್ಲ ಕೆಟ್ಟಿತ್ತು.

‘ಎಲ್ಲಿಗೆ ಬಂದು ನಿಂತಿತು?’

‘ಮೈನಸ್ ಬಂತು. ಕೋಶದಿಂದ ಮೈನಸ್ ಕರೆಂಟ್ ಹೇಗೆ ಬರುತ್ತೆ?’

‘ಬಾಣ ಹಾಕಿದ್ದು ನೀನು. ಕರೆಂಟು ಅದರ ಎದುರು ಹರೀತಿದೆ, ಅಷ್ಟೇ. ಹಾಗೇ ಬಿಡು.’

ಕೋಶಗಳೂ ರೋಧವೂ ಸೇರುವ ಸಂಧಿಬಿಂದುವಿನ ವೋಲ್ಟೇಜ್ 5.6 ವೋಲ್ಟ್ ಬರುತ್ತದೆ. ಮೊದಲ ಕೋಶದಿಂದ (10 − 5.6) ÷ 2 = 2.2 ಆಂಪಿಯರ್, ಎರಡನೆಯದರಿಂದ (4 − 5.6) ÷ 2 = −0.8, ರೋಧದಲ್ಲಿ 5.6 ÷ 4 = 1.4. ಎರಡನೇ ಕೋಶ ಇಲ್ಲಿ ಚಾರ್ಜ್ ಆಗುತ್ತಿದೆ. ಹಾಗಾಗಿಯೇ ಅದರ ತುದಿಗಳ ನಡುವಿನ ವೋಲ್ಟೇಜ್ 4ಕ್ಕಿಂತ ಹೆಚ್ಚು. ಬಾಣವನ್ನು ಒಮ್ಮೆ ಹಾಕಿದ ಮೇಲೆ ಲೆಕ್ಕ ಮುಗಿಯುವವರೆಗೂ ಮುಟ್ಟಬಾರದು. ದಿಕ್ಕಿನ ಮಾತನ್ನು ಕೊನೆಯ ಸಾಲಿನಲ್ಲಿ ಪದಗಳಲ್ಲಿ ಬರೆದರೆ ಸಾಕು.

ಇದೇ ಲೆಕ್ಕ ಇನ್ನೊಂದು ಕಾರಣಕ್ಕೂ ಉಪಯೋಗಕ್ಕೆ ಬಂತು. ಅಭ್ಯಾಸದ ಪುಸ್ತಕವೊಂದರ ಹಿಂದೆ ಕೊಟ್ಟ ಉತ್ತರ ನಮ್ಮದಕ್ಕೆ ಹೊಂದಲಿಲ್ಲ. ಅಚ್ಚಾದದ್ದೇ ಸರಿ ಎಂದು ನಂಬಿ ತನ್ನ ಸರಿಯಾದ ಲೆಕ್ಕವನ್ನು ಕೆಡಿಸಿಕೊಂಡವರು ನಮ್ಮಲ್ಲೂ ಇದ್ದರು, ಒಬ್ಬರಲ್ಲ. ಆ ದಿನದಿಂದ ಸರ್ಕ್ಯೂಟಿನ ಲೆಕ್ಕಕ್ಕೆ ಶಕ್ತಿಯ ತಾಳೆ ನೋಡುವುದನ್ನು ಕಡ್ಡಾಯ ಮಾಡಿದೆವು. ಮೊದಲ ಕೋಶ ಕೊಡುವುದು 10 × 2.2 = 22 ವ್ಯಾಟ್. ಹೋಗುವುದು ಎಲ್ಲಿಗೆ? ಎರಡನೇ ಕೋಶಕ್ಕೆ 3.2, ಒಳರೋಧಗಳಲ್ಲಿ ಬಿಸಿಯಾಗಿ 9.68 ಮತ್ತು 1.28, ಹೊರಗಿನ ರೋಧದಲ್ಲಿ 7.84. ಕೂಡಿದರೆ 22. ಇಷ್ಟು ತಾಳೆಯಾದ ಮೇಲೆ ಪುಸ್ತಕದ ಹಿಂದೆ ಏನಿದ್ದರೂ ಚಿಂತೆಯಿಲ್ಲ. ಇದಕ್ಕೆ ಎರಡು ನಿಮಿಷ ಸಾಕು. ತಪ್ಪು ಉತ್ತರಪಟ್ಟಿಯ ಹಿಂದೆ ಓಡಿದರೆ ಒಂದು ಗಂಟೆ ಹೋಗುತ್ತದೆ.

ಶಕ್ತಿಯ ತಾಳೆ ಆಗದ ಕಡೆ ತುದಿ ಹಿಡಿದು, ಅಂದರೆ ಒಂದು ಅಳತೆಯನ್ನು ಅತಿ ದೊಡ್ಡದೋ ಅತಿ ಚಿಕ್ಕದೋ ಮಾಡಿ, ನೋಡುವುದು ಒಳ್ಳೆಯದು. ದಿಮ್ಮಿಗಳ ಲೆಕ್ಕದಲ್ಲಿ ಕೆಳಗಿನ ದಿಮ್ಮಿ ಬೆಟ್ಟದಷ್ಟು ಭಾರವಾದರೆ ಅದು ಅಲ್ಲಾಡದು, ಮೇಲಿನದು ನೆಲದ ಮೇಲೆ ಇದ್ದಂತೆಯೇ ಆಗಬೇಕು. ಮೇಲಿನದಕ್ಕೆ ಹಾಕುವ ಬಲದ ಮಿತಿ 8 ನ್ಯೂಟನ್ನಿಗೆ ಇಳಿಯಬೇಕು. ನಿಮ್ಮ ಸೂತ್ರ ಹಾಗೆ ಇಳಿಯದಿದ್ದರೆ ಎಲ್ಲೋ ದ್ರವ್ಯರಾಶಿಗಳು ಅದಲುಬದಲಾಗಿವೆ. ಇನ್ನೊಂದು ಚಿಕ್ಕ ವಿಷಯ: ಗುರುತ್ವ ವೇಗೋತ್ಕರ್ಷಕ್ಕೆ 10 ಹಾಕಿದಾಗ ಮತ್ತು 9.8 ಹಾಕಿದಾಗ ಬರುವ ಉತ್ತರಗಳ ನಡುವೆ ಶೇಕಡಾ 2ರಷ್ಟು ವ್ಯತ್ಯಾಸವಾಗಬಹುದು. ಉತ್ತರ ಅಷ್ಟೇ ಬೇರೆಯಾಗಿದ್ದರೆ ಜಗಳಕ್ಕೆ ಮೊದಲು ಪ್ರಶ್ನೆಪತ್ರಿಕೆಯ ಮೊದಲ ಪುಟದಲ್ಲಿ ಯಾವ ಬೆಲೆ ಕೊಟ್ಟಿದ್ದಾರೆ ನೋಡಿ.

ಕೆಪಾಸಿಟರಿನ ಪ್ರಶ್ನೆಗಳಿಗೆ ಉತ್ತರಿಸುವವರು ಕೇಳಬೇಕಾದದ್ದು ಒಂದೇ ಪ್ರಶ್ನೆ: ಬ್ಯಾಟರಿ ಇದೆಯೋ, ತೆಗೆದಿದ್ದಾರೋ? ಬ್ಯಾಟರಿ ಇದ್ದರೆ ವೋಲ್ಟೇಜ್ ಬದಲಾಗದು, ತೆಗೆದಿದ್ದರೆ ಚಾರ್ಜ್ ಬದಲಾಗದು. ತಟ್ಟೆಗಳ ನಡುವೆ ಡೈಎಲೆಕ್ಟ್ರಿಕ್ ಗುಣಾಂಕ 3 ಇರುವ ಹಾಳೆಯನ್ನು ಪೂರ್ತಿ ತುಂಬಿಸಿದರೆ ಧಾರಣೆ (ಕೆಪಾಸಿಟೆನ್ಸ್) ಎರಡೂ ಸಂದರ್ಭದಲ್ಲಿ 3 ಪಟ್ಟು. ಆದರೆ ಸಂಗ್ರಹವಾದ ಶಕ್ತಿ ಬ್ಯಾಟರಿ ಇದ್ದರೆ 3 ಪಟ್ಟಾಗುತ್ತದೆ, ತೆಗೆದಿದ್ದರೆ ಮೂರನೇ ಒಂದಕ್ಕೆ ಇಳಿಯುತ್ತದೆ. ಶಕ್ತಿಗೆ ಸೂತ್ರಗಳು ಎರಡು ಮೂರು ರೂಪದಲ್ಲಿರುವುದರಿಂದ ಕೈಗೆ ಸಿಕ್ಕಿದ್ದನ್ನು ಹಾಕುವುದೇ ಇಲ್ಲಿ ಎಡವುವ ಜಾಗ. ಯಾವುದು ಬದಲಾಗದೆ ನಿಂತಿದೆಯೋ ಅದು ಇರುವ ಸೂತ್ರವನ್ನೇ ಆರಿಸಿ.

ಬೆಳಕಿನ ಪಾಠ ನಾಲ್ಕನೇ ವಾರದ್ದು. ಮಸೂರದ ಲೆಕ್ಕದಲ್ಲಿ ಭೌತಶಾಸ್ತ್ರ ಯಾರಿಗೂ ಕಷ್ಟವಾಗಲಿಲ್ಲ, ಚಿಹ್ನೆಗಳು ಎಲ್ಲರನ್ನೂ ಕಾಡಿದವು. 20 ಸೆಂ.ಮೀ. ನಾಭಿದೂರದ ಪೀನ ಮಸೂರದ ಮುಂದೆ 30 ಸೆಂ.ಮೀ.ನಲ್ಲಿ ವಸ್ತು. ವಸ್ತುದೂರಕ್ಕೆ −30 ಹಾಕಿದರೆ ಬಿಂಬ +60 ಸೆಂ.ಮೀ.ನಲ್ಲಿ, ವರ್ಧನೆ −2: ತಲೆಕೆಳಗಾದ, ಇಮ್ಮಡಿ ದೊಡ್ಡ ಬಿಂಬ. ಮೈನಸ್ ಮರೆತವರಿಗೆ 12 ಸೆಂ.ಮೀ. ಬಂತು. ವಸ್ತು ಎಲ್ಲಿದ್ದರೂ ಪೀನ ಮಸೂರದ ನಿಜಬಿಂಬ ನಾಭಿದೂರಕ್ಕಿಂತ ಹತ್ತಿರ ಬೀಳುವುದಿಲ್ಲ ಎಂಬುದು ನೆನಪಿದ್ದರೆ 12 ಕಂಡೊಡನೆ ಕೈ ನಿಲ್ಲುತ್ತದೆ. ಇನ್ನು ಕೆಲವರು ಸೂತ್ರದಲ್ಲೇ (1/v − 1/u = 1/f; v ಬಿಂಬದೂರ, u ವಸ್ತುದೂರ, f ನಾಭಿದೂರ) ಇರುವ ಮೈನಸ್ಸನ್ನು ಪ್ಲಸ್ ಮಾಡಿ ಬರೆದುಕೊಂಡು, ಆಮೇಲೆ ವಸ್ತುದೂರಕ್ಕೂ ಮೈನಸ್ ಹಾಕುತ್ತಿದ್ದರು. ನಿಯಮ ಇಷ್ಟೇ: ಸೂತ್ರವನ್ನು ಅಕ್ಷರಗಳಲ್ಲಿ ಒಂದೇ ರೂಪದಲ್ಲಿ ಬರೆಯಿರಿ, ಗೊತ್ತಿರುವ ಅಂಕಿಗಳಿಗೆ ಮಾತ್ರ ಚಿಹ್ನೆ ಹಾಕಿ. ಕಂಡುಹಿಡಿಯಬೇಕಾದದ್ದಕ್ಕೆ ಚಿಹ್ನೆ ಹಾಕಲು ಹೋಗಬೇಡಿ, ಅದು ತಾನೇ ಹೊತ್ತು ತರುತ್ತದೆ.

ಅದೇ ಮಸೂರವನ್ನು ನೀರಿನಲ್ಲಿ ಮುಳುಗಿಸಿದ ಪ್ರಶ್ನೆಯನ್ನು ಬೇಕೆಂದೇ ಪಕ್ಕದಲ್ಲಿ ಇಡುತ್ತಿದ್ದೆವು. ಗಾಜಿಗೆ 1.5, ನೀರಿಗೆ 4/3 ವಕ್ರೀಭವನ ಸೂಚ್ಯಂಕ ಹಿಡಿದರೆ ನಾಭಿದೂರ 4 ಪಟ್ಟಾಗಿ 80 ಸೆಂ.ಮೀ. ಆಗುತ್ತದೆ. ಈಗ 30 ಸೆಂ.ಮೀ.ನಲ್ಲಿರುವ ವಸ್ತು ನಾಭಿಯ ಒಳಗೆ ಬಂತು. ಬಿಂಬ −48 ಸೆಂ.ಮೀ., ವರ್ಧನೆ 1.6, ನೆಟ್ಟಗೆ, ಮಿಥ್ಯ. ಚಿಹ್ನೆ ತಾನೇ ಬರುತ್ತದೆ ಎನ್ನುವುದನ್ನು ಇಷ್ಟು ಚೆನ್ನಾಗಿ ತೋರಿಸುವ ಲೆಕ್ಕ ಇನ್ನೊಂದು ಸಿಗಲಿಲ್ಲ.

ಚಿಹ್ನೆ ಎಂದಮೇಲೆ ಒಂದು ಚೆಂಡಿನ ಲೆಕ್ಕವನ್ನು ಹೇಳಲೇಬೇಕು. 20 ಮೀಟರ್ ಎತ್ತರದ ಗೋಪುರದ ತುದಿಯಿಂದ ನೆಟ್ಟಗೆ ಮೇಲಕ್ಕೆ 15 ಮೀ/ಸೆ ವೇಗದಲ್ಲಿ ಎಸೆದ ಚೆಂಡು ನೆಲ ಮುಟ್ಟಲು ಎಷ್ಟು ಹೊತ್ತು? ಹಲವರು ಇದನ್ನು ಮೇಲೆ ಹೋಗುವುದು, ಕೆಳಗೆ ಬರುವುದು ಎಂದು ಎರಡಾಗಿ ಸೀಳಿ ಮಾಡುತ್ತಾರೆ. ಉತ್ತರ ಬರುತ್ತದೆ, ಸಮಯ ಎರಡರಷ್ಟು ಹಿಡಿಯುತ್ತದೆ. ಮೇಲ್ಮುಖ ಧನ ಎಂದು ಹಿಡಿದು ಸ್ಥಾನಪಲ್ಲಟ −20 ಹಾಕಿದರೆ ಒಂದೇ ವರ್ಗಸಮೀಕರಣ, ಎರಡು ಬೆಲೆ: 4 ಸೆಕೆಂಡ್ ಮತ್ತು −1 ಸೆಕೆಂಡ್. −1 ಅನ್ನು ಬಿಡಬೇಕೆಂದು ಎಲ್ಲರಿಗೂ ಗೊತ್ತು. ಅದು ಎಲ್ಲಿಂದ ಬಂತು ಎಂದು ಒಬ್ಬರು ಕೇಳಿದ್ದೇ ಒಳ್ಳೆಯದಾಯಿತು. ಅದೇ ಹಾರಾಟವನ್ನು ಹಿಂದಕ್ಕೆ ಓಡಿಸಿದರೆ, ಎಸೆಯುವುದಕ್ಕೆ 1 ಸೆಕೆಂಡ್ ಮೊದಲು ಚೆಂಡು ನೆಲದಲ್ಲಿದ್ದು 25 ಮೀ/ಸೆ ವೇಗದಲ್ಲಿ ಮೇಲಕ್ಕೆ ಹೊರಟಿರಬೇಕಿತ್ತು. 4ನೇ ಸೆಕೆಂಡಿನಲ್ಲಿ ಅದು ನೆಲಕ್ಕೆ ಬಡಿಯುವ ವೇಗವೂ 25 ಮೀ/ಸೆ. ಸಮೀಕರಣಕ್ಕೆ ಗೋಪುರ ಗೊತ್ತಿಲ್ಲ, ಚೆಂಡಿನ ದಾರಿ ಮಾತ್ರ ಗೊತ್ತು. ಇದನ್ನು ಓದಿದ ಮೇಲೆ ಋಣ ಬೆಲೆ ಕಂಡು ಹೆದರುವವರು ಕಡಿಮೆಯಾದರು.

ಐದನೇ ವಾರ ಆಧುನಿಕ ಭೌತಶಾಸ್ತ್ರ ಬೇಗ ಸಾಗಿತು. ಬೆಳಕು ಬಿದ್ದು ಲೋಹದಿಂದ ಎಲೆಕ್ಟ್ರಾನ್ ಹೊರಬರುವ ದ್ಯುತಿವಿದ್ಯುತ್ ಪರಿಣಾಮದ ಲೆಕ್ಕಗಳಲ್ಲಿ ಎಡವುವುದು ಜೂಲ್ ಮತ್ತು ಎಲೆಕ್ಟ್ರಾನ್ ವೋಲ್ಟ್ ಬೆರೆಸಿದಾಗ. 1240 ಅನ್ನು ನ್ಯಾನೋಮೀಟರಿನಲ್ಲಿರುವ ತರಂಗದೂರದಿಂದ ಭಾಗಿಸಿದರೆ ಫೋಟಾನಿನ ಶಕ್ತಿ ನೇರವಾಗಿ ಎಲೆಕ್ಟ್ರಾನ್ ವೋಲ್ಟಿನಲ್ಲೇ ಸಿಗುತ್ತದೆ. 400 ನ್ಯಾನೋಮೀಟರಿಗೆ 3.1. ಲೋಹದ ವರ್ಕ್ ಫಂಕ್ಷನ್ (ಎಲೆಕ್ಟ್ರಾನನ್ನು ಹೊರತರಲು ಬೇಕಾದ ಕನಿಷ್ಠ ಶಕ್ತಿ) 2.3 ಆಗಿದ್ದರೆ ಎಲೆಕ್ಟ್ರಾನಿನ ಗರಿಷ್ಠ ಚಲನಶಕ್ತಿ 0.8 ಎಲೆಕ್ಟ್ರಾನ್ ವೋಲ್ಟ್, ಆ ಎಲೆಕ್ಟ್ರಾನನ್ನು ಪೂರ್ತಿ ತಡೆಯುವ ವಿಭವ 0.8 ವೋಲ್ಟ್. ಬೆಳಕಿನ ತೀವ್ರತೆ ಇಮ್ಮಡಿಸಿದರೆ ಪ್ರವಾಹ ಇಮ್ಮಡಿ, ತಡೆಯುವ ವಿಭವ ಅಷ್ಟೇ ಇರುತ್ತದೆ. 600 ನ್ಯಾನೋಮೀಟರಿನ ಬೆಳಕಿಗೆ ಶಕ್ತಿ ಸುಮಾರು 2.07, ಎಷ್ಟು ಪ್ರಖರವಾಗಿ ಹಾಯಿಸಿದರೂ ಒಂದು ಎಲೆಕ್ಟ್ರಾನೂ ಹೊರಬರದು.

ಉತ್ತರಿಸುವವರಿಗೆ ಒಂದೆರಡು ಮಾತು. ಗುಂಪಿನಲ್ಲಿ ಅತಿ ಹೆಚ್ಚು ಅಂಕ ತೆಗೆಯುವವರೇ ಹೇಳಿಕೊಡಬೇಕೆಂದಿಲ್ಲ. ಆ ಲೆಕ್ಕದಲ್ಲಿ ನಿನ್ನೆ ಮೊನ್ನೆ ತಾನೇ ಎಡವಿ ಎದ್ದವರು ಚೆನ್ನಾಗಿ ಹೇಳುತ್ತಾರೆ, ಕಲ್ಲು ಎಲ್ಲಿದೆ ಎಂದು ಅವರಿಗೆ ಗೊತ್ತಿರುತ್ತದೆ. ಮೊದಲ ಸುಳಿವು ಚಿತ್ರದ ಬಗ್ಗೆ ಇರಲಿ: ‘ಈ ದಿಮ್ಮಿಯ ಮೇಲೆ ಎಷ್ಟು ಬಲಗಳಿವೆ ಎಣಿಸು.’ ಆಮೇಲೆ ಯಾವ ನಿಯಮ ಎಂಬುದು. ಸಮೀಕರಣ ಕೊನೆಗೆ. ಅಂಕಿ ಹಾಕಿ ಬಿಡಿಸುವುದನ್ನು ಕೇಳಿದವರಿಗೇ ಬಿಡಿ. ಒಂದು ಪ್ರಶ್ನೆಗೆ ಇಬ್ಬರು ಒಟ್ಟಿಗೆ ಉತ್ತರಿಸಿದರೆ ಎರಡು ಬೇರೆ ಚಿಹ್ನೆ ನಿಯಮಗಳು ಬೆರೆತು ಕೇಳಿದವರು ಕಂಗಾಲಾಗುತ್ತಾರೆ. ಮೊದಲು ಉತ್ತರಿಸಿದವರು ಮುಗಿಸುವವರೆಗೆ ಉಳಿದವರು ಕಾಯುವುದು ಒಳ್ಳೆಯದು.

ಆರನೇ ವಾರ ಗಡಿಯಾರ ಇಟ್ಟುಕೊಂಡು ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸಿದೆವು. ಕೊನೆಯ ಎರಡು ದಿನ ಹೊಸ ಲೆಕ್ಕಗಳನ್ನು ನಿಲ್ಲಿಸಿದೆವು. ಆ ಹೊತ್ತಿನಲ್ಲಿ ಬಿಡಿಸಲಾಗದ ಒಂದು ಹೊಸ ಪ್ರಶ್ನೆ ಗುಂಪಿಗೆಲ್ಲ ದಿಗಿಲು ಹಚ್ಚುತ್ತದೆ, ಅದು ಪತ್ರಿಕೆಯಲ್ಲಿ ಬರುವ ಸಂಭವವಂತೂ ಕಡಿಮೆ. ಬದಲಿಗೆ ನೋಟ್‌ಬುಕ್ಕಿನ ತಪ್ಪುಗಳನ್ನೇ ಮತ್ತೆ ಓದಿದೆವು. ಕ್ಯಾಲ್ಕುಲೇಟರ್ ಬಳಸಲು ಅವಕಾಶವಿರುವ ಪರೀಕ್ಷೆಯಾದರೆ ಹಿಂದಿನ ರಾತ್ರಿ ಸೈನ್ 30 ಒತ್ತಿ ನೋಡಿ. 0.5 ಬಂದರೆ ಸರಿ. −0.988 ಬಂದರೆ ಅದು ರೇಡಿಯನ್‌ನಲ್ಲಿದೆ, ಡಿಗ್ರಿಗೆ ಬದಲಿಸಿ ಮತ್ತೊಮ್ಮೆ ಒತ್ತಿ.

ನೋಟ್‌ಬುಕ್ಕಿನ ಕೊನೆಯ ಪುಟ ಪರೀಕ್ಷೆ ಮುಗಿದ ಸಂಜೆ ಬರೆದದ್ದು. ಪತ್ರಿಕೆಯಲ್ಲಿ 0.8 ಮೀಟರ್ ಉದ್ದದ ಹಗುರವಾದ ಸರಳಿನ ತುದಿಗೆ ಸಿಕ್ಕಿಸಿದ ಗುಂಡು ಲಂಬ ವೃತ್ತದಲ್ಲಿ ಪೂರ್ತಿ ಸುತ್ತು ಹಾಕಲು ತಳದಲ್ಲಿ ಇರಬೇಕಾದ ಕನಿಷ್ಠ ವೇಗ ಕೇಳಿದ್ದರು. ನಮ್ಮಲ್ಲಿ ಕೆಲವರು 6.32 ಮೀ/ಸೆ ಬರೆದು ಬಂದಿದ್ದರು, ಅದು ದಾರಕ್ಕೆ ಕಟ್ಟಿದ ಗುಂಡಿನ ಉತ್ತರ. ದಾರ ಎಳೆಯಬಲ್ಲದು, ತಳ್ಳಲಾರದು. ಆದ್ದರಿಂದ ದಾರದ ಗುಂಡಿಗೆ ವೃತ್ತದ ಮೇಲ್ತುದಿಯಲ್ಲೂ ಒಂದಿಷ್ಟು ವೇಗ ಬೇಕೇ ಬೇಕು. ಸರಳು ಕೆಳಗಿನಿಂದ ಆತುಕೊಳ್ಳುತ್ತದೆ, ಹಾಗಾಗಿ ಮೇಲ್ತುದಿಯಲ್ಲಿ ಗುಂಡಿನ ವೇಗ ಸೊನ್ನೆಯಾದರೂ ನಡೆಯುತ್ತದೆ. ತಳದ ಚಲನಶಕ್ತಿ 1.6 ಮೀಟರ್ ಏರಲು ಸಾಕಾದರೆ ಆಯಿತು: 2 × 10 × 1.6 = 32, ಅದರ ವರ್ಗಮೂಲ 5.66 ಮೀ/ಸೆ.